ನಾಡಿನ ಶಕ್ತಿಯ ಲೆಕ್ಕವಿಟ್ಟ ವಿಜ್ಞಾನಿ: ಮೇಘನಾದ ಸಾಹಾ

ಭೌತವಿಜ್ಞಾನವನ್ನು ಅಭ್ಯಾಸ ಮಾಡಿದವರಿಗೆ ಮೇಘನಾದ ಸಾಹಾ ಅವರ ಹೆಸರು ಚಿರಪರಿಚಿತ. ನಕ್ಷತ್ರಗಳ ಬೆಳಕಿನಲ್ಲಿ ಅಡಗಿದ್ದ ಉಷ್ಣತೆಯ ಗುಟ್ಟನ್ನು ಬಿಡಿಸಿದ ಸಮೀಕರಣವೊಂದು ಅವರ ಹೆಸರನ್ನೇ ಹೊತ್ತು ಇಂದಿಗೂ ಪಠ್ಯಪುಸ್ತಕಗಳಲ್ಲಿ ನೆಲೆಸಿದೆ. ಆದರೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸಗಳನ್ನು ಓದುತ್ತಿರುವ ನಮ್ಮ ಕಲಾವಿಭಾಗದ ಮಿತ್ರರೂ ಈ ಮಹನೀಯರನ್ನು ತಮ್ಮವರೆಂದು ಭಾವಿಸಲು ಸಾಕಷ್ಟು ಕಾರಣಗಳುಂಟು. ತಮ್ಮ ಜೀವಿತದ ಉತ್ತರಾರ್ಧವನ್ನು ಅವರು ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಮೀಸಲಿಟ್ಟರು: ಈ ದೇಶದ ಜನರ ಕೈಗೆ ಎಷ್ಟು ಶಕ್ತಿ ದೊರೆಯುತ್ತಿದೆ, ಅದನ್ನು ಹೆಚ್ಚಿಸುವ ಬಗೆ ಹೇಗೆ, ಅದಕ್ಕಾಗಿ ಸರಕಾರಕ್ಕೆ ಬುದ್ಧಿ ಹೇಳಬೇಕಾದವರು ಯಾರು? ಈ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ಅವರಿಗೆ ಮನ್ನಣೆಯೂ ದೊರೆಯಿತು, ಮುನಿಸೂ ದೊರೆಯಿತು. ಆ ಕಥೆಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಸಾಹಾ ಅವರು ೧೮೯೩ನೆಯ ಅಕ್ಟೋಬರ್ ೬ರಂದು ಢಾಕಾ ಜಿಲ್ಲೆಯ ಶೇವರಾತಲಿ ಎಂಬ ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶ ಇಂದು ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಜಗನ್ನಾಥ ಸಾಹಾ ಚಿಕ್ಕದೊಂದು ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ತಾಯಿ ಭುವನೇಶ್ವರೀ ದೇವಿ. ಎಂಟು ಮಂದಿ ಮಕ್ಕಳಲ್ಲಿ ಮೇಘನಾದ ಐದನೆಯವರು. ಅಂಗಡಿಯ ಆದಾಯದಲ್ಲಿ ಅಷ್ಟು ಬಾಯಿಗಳಿಗೆ ಅನ್ನ ಒದಗಿಸುವುದೇ ದುಸ್ತರವಾಗಿದ್ದುದರಿಂದ ಮಗನ ಓದು ತಂದೆಗೆ ಅನಾವಶ್ಯಕವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಊರಿನ ಪ್ರಾಥಮಿಕ ಶಾಲೆ ಮುಗಿದ ಮೇಲೆ ಮುಂದಿನ ಶಾಲೆ ಹಲವು ಮೈಲಿ ದೂರದ ಸಿಮುಲಿಯಾದಲ್ಲಿತ್ತು. ಅಲ್ಲಿನ ವೈದ್ಯರಾದ ಅನಂತಕುಮಾರ ದಾಸರು ಹುಡುಗನಿಗೆ ತಮ್ಮ ಮನೆಯಲ್ಲಿ ಊಟವನ್ನೂ ವಸತಿಯನ್ನೂ ಕೊಟ್ಟರು. ಸೆಣಬಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಣ್ಣ ಜಯನಾಥ ತನ್ನ ಅಲ್ಪ ಸಂಬಳದಲ್ಲಿ ಒಂದಿಷ್ಟನ್ನು ಉಳಿಸಿ ತಮ್ಮನಿಗೆ ಕಳುಹಿಸುತ್ತಿದ್ದರು. ಈ ಇಬ್ಬರ ಔದಾರ್ಯ ಇಲ್ಲದಿದ್ದಲ್ಲಿ ಭಾರತದ ವಿಜ್ಞಾನದ ಇತಿಹಾಸದಲ್ಲಿ ಒಂದು ಅಧ್ಯಾಯವೇ ಕಡಮೆಯಾಗುತ್ತಿತ್ತು.

೧೯೦೫ರಲ್ಲಿ ವಿದ್ಯಾರ್ಥಿವೇತನ ಪಡೆದು ಬಾಲಕ ಢಾಕಾ ನಗರದ ಸರಕಾರೀ ಶಾಲೆಯನ್ನು ಸೇರಿದ. ಬಂಗಾಳವನ್ನು ಎರಡಾಗಿ ಸೀಳಿದ ವರ್ಷವದು. ನಾಡೆಲ್ಲ ಕುದಿಯುತ್ತಿತ್ತು. ಹೊಸ ಪ್ರಾಂತದ ಗವರ್ನರ್ ಫುಲ್ಲರ್ ಅವರ ಭೇಟಿಯ ಸಂದರ್ಭದಲ್ಲಿ ವಿದ್ಯಾರ್ಥಿಗಳು ನಡೆಸಿದ ಬಹಿಷ್ಕಾರದಲ್ಲಿ ಪಾಲ್ಗೊಂಡ ಕಾರಣ ಮೇಘನಾದನನ್ನು ಶಾಲೆಯಿಂದ ಹೊರಹಾಕಲಾಯಿತು, ವಿದ್ಯಾರ್ಥಿವೇತನವೂ ಹೋಯಿತು. ಹನ್ನೆರಡರ ಹರೆಯದ ಬಡ ಹುಡುಗನಿಗೆ ಇದು ಸಣ್ಣ ಪೆಟ್ಟಲ್ಲ. ಅದೃಷ್ಟವಶಾತ್ ಖಾಸಗಿ ಶಾಲೆಯೊಂದು ಅವನನ್ನು ಸೇರಿಸಿಕೊಂಡಿತು. ೧೯೦೯ರ ಪ್ರವೇಶ ಪರೀಕ್ಷೆಯಲ್ಲಿ ಪೂರ್ವಬಂಗಾಳದ ವಿದ್ಯಾರ್ಥಿಗಳಲ್ಲೆಲ್ಲ ಅವನೇ ಮೊದಲಿಗನಾದ.

೧೯೧೧ರಲ್ಲಿ ಸಾಹಾ ಅವರು ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂತಹ ಗುರುಗಳು. ಸತ್ಯೇಂದ್ರನಾಥ ಬೋಸ್ ಸಹಪಾಠಿ. ಬಿ.ಎಸ್‌ಸಿ., ಎಂ.ಎಸ್‌ಸಿ. ಎರಡರಲ್ಲಿಯೂ ಸತ್ಯೇಂದ್ರನಾಥರು ಮೊದಲನೆಯವರು, ಸಾಹಾ ಎರಡನೆಯವರು. ಅಂತಹ ಎರಡನೆಯ ಸ್ಥಾನಕ್ಕೆ ಯಾರೂ ನಾಚಬೇಕಾಗಿಲ್ಲ! ಆದರೆ ನಾಚಬೇಕಾದ ಬೇರೊಂದು ಸಂಗತಿಯಿತ್ತು. ಅವರು ಇದ್ದ ವಿದ್ಯಾರ್ಥಿನಿಲಯದಲ್ಲಿ ಮೇಲ್ಜಾತಿಯ ಕೆಲವರು ಅವರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಲು ಒಪ್ಪಲಿಲ್ಲ. ವಿದ್ಯೆಯಲ್ಲಿ ಮುಂದಿನ ಸಾಲಿನಲ್ಲಿದ್ದವರು ಊಟದ ಮನೆಯಲ್ಲಿ ಪ್ರತ್ಯೇಕವಾಗಿ ಕೂಡಬೇಕಾಯಿತು. ಮುಂದೆ ಸರಕಾರದ ಹಣಕಾಸು ಸೇವೆಯ ಪರೀಕ್ಷೆಗೆ ಕೂಡಲು ಬಯಸಿದಾಗ, ಕ್ರಾಂತಿಕಾರರ ಪರಿಚಯವಿದೆಯೆಂಬ ಕಾರಣದಿಂದ ಅದಕ್ಕೂ ಅಪ್ಪಣೆ ದೊರೆಯಲಿಲ್ಲ. ಹೀಗೆ ಹುಟ್ಟಿನ ಕಾರಣದಿಂದಲೂ ನಿಲುವಿನ ಕಾರಣದಿಂದಲೂ ಬಾಗಿಲ ಹೊರಗೆ ನಿಲ್ಲುವುದೆಂದರೇನೆಂಬುದನ್ನು ಅವರು ಎಳೆವಯಸ್ಸಿನಲ್ಲಿಯೇ ಬಲ್ಲವರಾದರು.

ವಿದ್ಯಾರ್ಥಿದೆಸೆಯ ಇನ್ನೊಂದು ಅನುಭವವನ್ನು ಇಲ್ಲಿ ಹೇಳಲೇಬೇಕು. ೧೯೧೩ರಲ್ಲಿ ದಾಮೋದರ ನದಿ ಉಕ್ಕಿ ಬಂದು ಪಶ್ಚಿಮ ಬಂಗಾಳದ ಊರುಗಳನ್ನು ಮುಳುಗಿಸಿತು. ಪರಿಹಾರ ಕಾರ್ಯಕ್ಕೆ ಹೋದ ವಿದ್ಯಾರ್ಥಿಗಳಲ್ಲಿ ಸಾಹಾ ಅವರೂ ಒಬ್ಬರು. ನದೀಬಯಲಿನಲ್ಲಿ ಹುಟ್ಟಿ ಬೆಳೆದ ಅವರಿಗೆ ನೆರೆ ಹೊಸದಾಗಿರಲಿಲ್ಲ. ಆದರೆ ಕೊಚ್ಚಿಹೋದ ಮನೆಗಳನ್ನೂ ಮರಳು ಮುಚ್ಚಿದ ಹೊಲಗಳನ್ನೂ ಅಲ್ಲಿ ಕಂಡದ್ದು ಅವರ ಮನಸ್ಸಿನಿಂದ ಕೊನೆಯವರೆಗೂ ಅಳಿಯಲಿಲ್ಲ. ಮೂವತ್ತು ವರ್ಷಗಳ ಅನಂತರ ಅದೇ ನದಿಯ ವಿಷಯದಲ್ಲಿ ಅವರು ಸರಕಾರಕ್ಕೆ ಸಲಹೆ ಕೊಡುವ ಪ್ರಸಂಗ ಬಂದಿತು.

೧೯೧೬ರಲ್ಲಿ ಅಶುತೋಷ ಮುಖರ್ಜಿಯವರು ಕಲ್ಕತ್ತದ ಹೊಸ ವಿಜ್ಞಾನ ಕಾಲೇಜಿಗೆ ಸಾಹಾ ಮತ್ತು ಸತ್ಯೇಂದ್ರನಾಥರನ್ನು ಅಧ್ಯಾಪಕರನ್ನಾಗಿ ಕರೆದುಕೊಂಡರು. ಗಣಿತದ ಪದವೀಧರರಾದ ಇವರಿಬ್ಬರೂ ಭೌತವಿಜ್ಞಾನವನ್ನು ತಾವೇ ಓದಿ ಕಲಿತು ಇತರರಿಗೆ ಕಲಿಸಿದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಬಂಧಗಳನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಿದರು. ಯೂರೋಪಿನ ಪ್ರಯೋಗಶಾಲೆಗಳಿಂದ ಸಾವಿರಾರು ಮೈಲಿ ದೂರದಲ್ಲಿ, ಸಲಕರಣೆಗಳ ಅಭಾವದಲ್ಲಿ, ಪುಸ್ತಕಗಳನ್ನೇ ಆಧಾರವಾಗಿಟ್ಟುಕೊಂಡು ನಡೆದ ತಪಸ್ಸು ಅದು.

ಆ ತಪಸ್ಸಿನ ಫಲವೇ ೧೯೨೦ರಲ್ಲಿ ಪ್ರಕಟವಾದ ಅಯನೀಕರಣ ಸಿದ್ಧಾಂತ. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. ಅನಿಲವನ್ನು ಕಾಯಿಸುತ್ತ ಹೋದರೆ ಅದರ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಎಷ್ಟು ಪರಮಾಣುಗಳು ಹೀಗೆ ಒಡೆಯುತ್ತವೆಯೆಂಬುದು ಉಷ್ಣತೆ, ಒತ್ತಡ ಮತ್ತು ಆ ಧಾತುವಿನ ಸ್ವಭಾವ ಇವುಗಳನ್ನು ಅವಲಂಬಿಸಿದೆ. ಒಡೆದ ಪರಮಾಣುವಿನ ರೋಹಿತವೇ ಬೇರೆ, ಒಡೆಯದ ಪರಮಾಣುವಿನ ರೋಹಿತವೇ ಬೇರೆ. ಆದಕಾರಣ ನಕ್ಷತ್ರದ ರೋಹಿತದಲ್ಲಿ ಯಾವ ರೇಖೆಗಳು ತೋರುತ್ತವೆ, ಯಾವುವು ಮರೆಯಾಗಿವೆ ಎಂಬುದನ್ನು ನೋಡಿ ಅದರ ಉಷ್ಣತೆಯನ್ನು ಲೆಕ್ಕಹಾಕಬಹುದು. ಅದುವರೆಗೆ ಹಾರ್ವರ್ಡಿನ ಖಗೋಳಜ್ಞರು ನಕ್ಷತ್ರಗಳನ್ನು ರೋಹಿತದ ಚಹರೆ ನೋಡಿ ವರ್ಗಗಳಾಗಿ ವಿಂಗಡಿಸಿದ್ದರು. ಆ ವಿಂಗಡಣೆಯ ಹಿಂದೆ ಇರುವುದು ಉಷ್ಣತೆಯ ಸೋಪಾನವೇ ಎಂದು ಲೆಕ್ಕದಿಂದ ತೋರಿಸಿದ್ದು ಸಾಹಾ ಅವರ ಸಮೀಕರಣ. ಇದನ್ನೇ ಬಳಸಿಕೊಂಡು ಸಿಸಿಲಿಯಾ ಪೇನ್ ಎಂಬ ವಿದುಷಿ ೧೯೨೫ರಲ್ಲಿ ನಕ್ಷತ್ರಗಳು ಬಹುಪಾಲು ಜಲಜನಕದಿಂದಲೇ ಆಗಿವೆಯೆಂಬ ನಿರ್ಣಯಕ್ಕೆ ದಾರಿಮಾಡಿದರು. ಸಾಹಾ ಅವರಿಗೆ ಆಗಿನ್ನೂ ಮೂವತ್ತೆರಡು ವರ್ಷ. ೧೯೨೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಇಷ್ಟು ಕೀರ್ತಿ ಪಡೆದವರು ಪ್ರಯೋಗಶಾಲೆಯಲ್ಲಿಯೇ ನೆಮ್ಮದಿಯಾಗಿ ಇದ್ದುಬಿಡಬಹುದಾಗಿತ್ತು. ೧೯೨೩ರಿಂದ ೧೯೩೮ರವರೆಗೆ ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಅವರು ಶಿಷ್ಯವರ್ಗವನ್ನೂ ವಿಜ್ಞಾನ ಪರಿಷತ್ತನ್ನೂ ಕಟ್ಟಿ ಬೆಳೆಸಿದರು. ಆದರೆ ಅವರ ಮನಸ್ಸು ಪ್ರಯೋಗಶಾಲೆಯ ಗೋಡೆಗಳನ್ನು ದಾಟಿ ಹೋಗುತ್ತಿತ್ತು. ೧೯೨೨ರ ಉತ್ತರಬಂಗಾಳದ ನೆರೆಯ ಸಮಯದಲ್ಲಿ ಗುರು ಪ್ರಫುಲ್ಲಚಂದ್ರ ರಾಯ್ ಅವರ ಪರಿಹಾರ ಸಮಿತಿಯಲ್ಲಿ ದುಡಿದರು. ಸುಭಾಷಚಂದ್ರ ಬೋಸರೂ ಆ ಕಾರ್ಯದಲ್ಲಿದ್ದರು. ಅಕ್ಕಿ ಬಟ್ಟೆ ಹಂಚಿದರೆ ಈ ವರ್ಷದ ಸಂಕಟ ತೀರೀತು, ಮುಂದಿನ ನೆರೆಗೆ ಏನು ಗತಿ ಎಂಬ ಚಿಂತೆ ಅವರನ್ನು ಹಿಡಿಯಿತು. ನದಿಗಳನ್ನು ವಿಜ್ಞಾನದ ರೀತಿಯಲ್ಲಿ ಅಭ್ಯಸಿಸುವ ಪ್ರಯೋಗಶಾಲೆ ಬೇಕೆಂದು ಅವರು ೧೯೩೦ರ ದಶಕದಲ್ಲಿ ಎಡೆಬಿಡದೆ ಬರೆದರು. ೧೯೩೫ರಲ್ಲಿ ‘ಸೈನ್ಸ್ ಅಂಡ್ ಕಲ್ಚರ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ನದಿ, ವಿದ್ಯುತ್ತು, ಕೈಗಾರಿಕೆ, ಶಿಕ್ಷಣ ಇವುಗಳ ವಿಷಯದಲ್ಲಿ ಸರಕಾರ ಏನು ಮಾಡಬೇಕೆಂಬುದನ್ನು ಅಂಕಿ ಅಂಶಗಳೊಡನೆ ಜನರ ಮುಂದಿಡುವ ವೇದಿಕೆ ಅದಾಯಿತು. ಸರಕಾರಕ್ಕೆ ಹೇಳಬೇಕಾದುದನ್ನು ಮೊದಲು ಸಾರ್ವಜನಿಕರ ಮುಂದೆ ಹೇಳುವ ಈ ಪದ್ಧತಿಯನ್ನು ಅವರು ಕಡೆಯತನಕ ಬಿಡಲಿಲ್ಲ.

ಇಲ್ಲಿ ಅವರ ಮುಖ್ಯ ವಿಚಾರವನ್ನು ಸ್ವಲ್ಪ ವಿವರಿಸಬೇಕು. ದೇಶವೊಂದರ ಸಂಪತ್ತನ್ನು ಅಳೆಯಲು ಹಣವೊಂದೇ ಸಾಲದು, ತಲೆಗೆ ಎಷ್ಟು ಶಕ್ತಿ ಬಳಕೆಯಾಗುತ್ತಿದೆಯೆಂಬುದನ್ನು ನೋಡಬೇಕು ಎಂಬುದು ಅವರ ವಾದ. ಗಟ್ಟಿಮುಟ್ಟಾದ ಕೂಲಿಯಾಳೊಬ್ಬ ದಿನಕ್ಕೆ ಎಂಟು ಗಂಟೆ ಬೆವರು ಸುರಿಸಿ ದುಡಿದರೆ ಅವನ ದೇಹದಿಂದ ಹೊರಡುವ ಕೆಲಸ ವಿದ್ಯುಚ್ಛಕ್ತಿಯ ಲೆಕ್ಕದಲ್ಲಿ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸೇರಿಗೆ ಕೆಲವೇ ಕಾಸು ಬಾಳುವ ಕಲ್ಲಿದ್ದಲನ್ನು ವಿದ್ಯುದಾಗಾರದಲ್ಲಿ ಉರಿಸಿದರೆ ಅಷ್ಟು ಕೆಲಸ ಸುಲಭವಾಗಿ ದೊರೆಯುತ್ತದೆ. ಒಂದು ಟನ್ ನೀರು ಸುಮಾರು ೩೭೦ ಮೀಟರ್ ಎತ್ತರದಿಂದ ಧುಮುಕಿದರೆ ಒಂದು ಯೂನಿಟ್ಟಿನಷ್ಟು ಶಕ್ತಿ ಹೊರಡುತ್ತದೆ. ತೋಳಿನ ಬಲವನ್ನೂ ಎತ್ತಿನ ಬಲವನ್ನೂ ಮಾತ್ರ ನಂಬಿಕೊಂಡ ರಾಷ್ಟ್ರವು ಎಷ್ಟು ಶ್ರಮಪಟ್ಟರೂ ಇದ್ದಲನ್ನೂ ನೀರನ್ನೂ ದುಡಿಸಿಕೊಳ್ಳುವ ರಾಷ್ಟ್ರದ ಸಮಕ್ಕೆ ಬರಲಾರದು. ಭಾರತೀಯರು ಬಡವರಾಗಿರುವುದು ಸೋಮಾರಿತನದಿಂದಲ್ಲ, ಶಕ್ತಿಯ ಅಭಾವದಿಂದ ಎಂದು ಸಾಹಾ ಅವರು ಸಾರಿದರು. ಬಡತನವನ್ನು ಹಣೆಬರಹವೆಂದು ನಂಬಿದ್ದ ನಾಡಿನಲ್ಲಿ ಇದು ಹೊಸ ಮಾತು.

ಚರಕ ಮತ್ತು ಗ್ರಾಮಕೈಗಾರಿಕೆಗಳ ಮೇಲೆ ಗಾಂಧೀಜಿಯವರು ಇಟ್ಟಿದ್ದ ಭರವಸೆಯನ್ನು ಸಾಹಾ ಅವರು ಒಪ್ಪದಿದ್ದುದು ಈ ಕಾರಣದಿಂದಲೇ. ತಾವು ಖಾದಿಯ ಯುಗದಲ್ಲಿ ಬಾಳುತ್ತಿದ್ದರೂ ಅಪ್ರಿಯವಾದುದನ್ನು ಹೇಳಲು ಅವರು ಅಂಜಲಿಲ್ಲ. ೧೯೩೮ರಲ್ಲಿ ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ಆ ಆಗಸ್ಟ್ ತಿಂಗಳಿನಲ್ಲಿ ಕಲ್ಕತ್ತದ ವಿಜ್ಞಾನಿಗಳ ಸಭೆಗೆ ಅವರನ್ನು ಕರೆಸಿ, ಸ್ವತಂತ್ರ ಭಾರತ ಎತ್ತಿನ ಬಂಡಿಯ ಕಾಲಕ್ಕೆ ಹಿಂದಿರುಗುವುದೋ ಅಥವಾ ಯಂತ್ರೋದ್ಯಮದ ಮಾರ್ಗ ಹಿಡಿಯುವುದೋ ಎಂದು ಸಾಹಾ ಅವರು ನೇರವಾಗಿಯೇ ಪ್ರಶ್ನಿಸಿದರು. ಬೋಸರು ಯಂತ್ರೋದ್ಯಮದ ಪಕ್ಷವನ್ನೇ ಹಿಡಿದರು. ಕೆಲವೇ ವಾರಗಳಲ್ಲಿ, ಅಕ್ಟೋಬರ್ ತಿಂಗಳಿನಲ್ಲಿ, ದೆಹಲಿಯಲ್ಲಿ ಪ್ರಾಂತಗಳ ಕೈಗಾರಿಕಾ ಮಂತ್ರಿಗಳ ಸಮ್ಮೇಳನ ನಡೆದು ರಾಷ್ಟ್ರೀಯ ಯೋಜನಾ ಸಮಿತಿಯ ನಿರ್ಮಾಣಕ್ಕೆ ನಿಶ್ಚಯವಾಯಿತು.

ಈ ಘಟ್ಟದಲ್ಲಿ ನಮ್ಮ ಕನ್ನಡನಾಡಿನ ಹೆಸರೂ ಬರುತ್ತದೆ. ೧೯೩೪ರಲ್ಲಿಯೇ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ಬರೆದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಆ ಸಮ್ಮೇಳನದಲ್ಲಿದ್ದರು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದ್ದ ಮೈಸೂರು, ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದ ಮೈಸೂರು, ನೀರಿನಿಂದ ನಾಡಿನ ಸ್ಥಿತಿ ಬದಲಾಗುವ ಬಗೆಯನ್ನು ಕಣ್ಣಾರೆ ಕಂಡಿತ್ತು. ಆದ್ದರಿಂದ ಸಮಿತಿಯ ಅಧ್ಯಕ್ಷ ಪದವಿಗೆ ವಿಶ್ವೇಶ್ವರಯ್ಯನವರ ಹೆಸರೇ ಮೊದಲು ಬಂದುದು ಸಹಜ. ಅವರ ಯೋಗ್ಯತೆಯಲ್ಲಿ ಸಾಹಾ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಕಾಂಗ್ರೆಸ್ಸಿನ ಪ್ರಮುಖ ನಾಯಕರೊಬ್ಬರು ಮುಂದೆ ನಿಲ್ಲದಿದ್ದರೆ ವರದಿ ಕಪಾಟಿನಲ್ಲಿಯೇ ಉಳಿದೀತೆಂದು ಅವರು ಮನಗಂಡಿದ್ದರು. ಈ ಅಭಿಪ್ರಾಯವನ್ನು ಅವರು ವಿಶ್ವೇಶ್ವರಯ್ಯನವರಿಗೆ ತಿಳಿಸಿದಾಗ ಆ ಹಿರಿಯರು ಸ್ವಲ್ಪವೂ ಬೇಸರಿಸದೆ ಹಿಂದೆ ಸರಿದು ಜವಾಹರಲಾಲ ನೆಹರೂ ಅವರಿಗೆ ಎಡೆಮಾಡಿಕೊಟ್ಟರು. ದೊಡ್ಡವರ ದೊಡ್ಡತನ ಇಂತಹ ಸಂದರ್ಭಗಳಲ್ಲಿಯೇ ಬೆಳಕಿಗೆ ಬರುವುದು. ನೆಹರೂ ಅವರನ್ನು ಒಪ್ಪಿಸುವ ಸಲುವಾಗಿ ಸಾಹಾ ಅವರು ಶಾಂತಿನಿಕೇತನಕ್ಕೆ ಹೋಗಿ ರವೀಂದ್ರನಾಥ ಠಾಕೂರರ ನೆರವನ್ನೂ ಬೇಡಿದರು. ಡಿಸೆಂಬರ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಸಮಿತಿಯ ಮೊದಲ ಸಭೆ ಸೇರಿತು. ಅದರ ೨೯ ಉಪಸಮಿತಿಗಳಲ್ಲಿ ಶಕ್ತಿ ಮತ್ತು ಇಂಧನದ ಉಪಸಮಿತಿಯ ಹೊಣೆ ಸಾಹಾ ಅವರದಾಯಿತು. ಯುದ್ಧವೂ ನೆಹರೂ ಅವರ ಸೆರೆವಾಸವೂ ಅಡ್ಡಬಂದು ಸಮಿತಿಯ ಕೆಲಸ ನಡುವೆಯೇ ನಿಂತರೂ, ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳ ಬೀಜ ಬಿದ್ದುದು ಅಲ್ಲಿಯೇ.

ಇನ್ನು ದಾಮೋದರದ ವಿಷಯ. ೧೯೪೩ರ ಜುಲೈ ತಿಂಗಳಿನಲ್ಲಿ ಆ ನದಿ ಬರ್ದ್ವಾನದ ಬಳಿ ಏರಿಯನ್ನು ಒಡೆದುಕೊಂಡು ನುಗ್ಗಿತು. ರೈಲು ಹಳಿಗಳೂ ಹೆದ್ದಾರಿಯೂ ಕಿತ್ತುಹೋಗಿ, ಬರ್ಮಾದ ಯುದ್ಧರಂಗಕ್ಕೆ ಹೆಬ್ಬಾಗಿಲಾಗಿದ್ದ ಕಲ್ಕತ್ತ ನಗರಕ್ಕೂ ಉತ್ತರ ಭಾರತಕ್ಕೂ ಸಂಪರ್ಕ ಕಡಿಯಿತು. ಬಂಗಾಳದ ಘೋರ ಕ್ಷಾಮವೂ ಅದೇ ವರ್ಷದ್ದು. ಹಳ್ಳಿಗಳು ಮುಳುಗಿದಾಗ ಕಣ್ಣು ತೆರೆಯದಿದ್ದ ಸರಕಾರ ಯುದ್ಧದ ಸಾಮಗ್ರಿ ನಿಂತಾಗ ಎಚ್ಚೆತ್ತಿತು. ಬರ್ದ್ವಾನದ ಮಹಾರಾಜರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಗಿ ಸಾಹಾ ಅವರೂ ಅದರ ಸದಸ್ಯರಾದರು. ಏರಿಯನ್ನು ಇನ್ನಷ್ಟು ಎತ್ತರಿಸಿದರೆ ಸಾಲದು, ನದಿಯ ಮೇಲ್ಕಣಿವೆಯಲ್ಲಿ ಅಣೆಕಟ್ಟುಗಳನ್ನು ಕಟ್ಟಿ ಮಳೆಗಾಲದ ನೀರನ್ನು ತಡೆಯಬೇಕು. ಆ ನೀರೇ ಬೇಸಗೆಯಲ್ಲಿ ಹೊಲಕ್ಕೆ ಹರಿಯಬೇಕು, ವಿದ್ಯುತ್ತನ್ನೂ ಕೊಡಬೇಕು ಎಂಬುದು ಅವರ ಮತ. ಅಮೆರಿಕದಲ್ಲಿ ೧೯೩೩ರಲ್ಲಿ ಸ್ಥಾಪನೆಯಾದ ಟೆನೆಸಿ ಕಣಿವೆ ಪ್ರಾಧಿಕಾರವನ್ನು ಅವರು ಮಾದರಿಯಾಗಿ ತೋರಿಸಿದರು. ಸಮಿತಿ ಅದನ್ನೇ ಶಿಫಾರಸು ಮಾಡಿತು. ಆಗ ವೈಸರಾಯರ ಮಂತ್ರಿಮಂಡಲದಲ್ಲಿದ್ದ ಡಾಕ್ಟರ್ ಅಂಬೇಡ್ಕರರು ಈ ಯೋಜನೆಯನ್ನು ಕೈಗೆತ್ತಿಕೊಂಡು ಪ್ರಾಂತಗಳ ಪ್ರತಿನಿಧಿಗಳನ್ನು ಒಂದೆಡೆ ಸೇರಿಸಿ ಮುಂದುವರಿಸಿದರು. ಅಂತೂ ೧೯೪೮ರಲ್ಲಿ ಕಾಯಿದೆಯ ಮೂಲಕ ದಾಮೋದರ ಕಣಿವೆ ನಿಗಮ ಅಸ್ತಿತ್ವಕ್ಕೆ ಬಂದಿತು. ತಿಲೈಯಾ ೧೯೫೩ರಲ್ಲಿ, ಕೊನಾರ್ ೧೯೫೫ರಲ್ಲಿ, ಮೈಥಾನ್ ೧೯೫೭ರಲ್ಲಿ, ಪಂಚೇತ್ ೧೯೫೯ರಲ್ಲಿ ಕೆಲಸಕ್ಕೆ ಬಂದವು. ಕೊನೆಯ ಎರಡನ್ನು ಕಾಣುವ ಭಾಗ್ಯ ಸಾಹಾ ಅವರಿಗೆ ಇರಲಿಲ್ಲ.

ತಾವೇ ಹಂಬಲಿಸಿದ ಯೋಜನೆಯೆಂದು ಅದರ ಲೋಪಗಳನ್ನು ಅವರು ಮರೆಮಾಚಲಿಲ್ಲ. ನಿಗಮ ನಡೆಯುತ್ತಿದ್ದ ರೀತಿ ಮೂಲ ಮಾದರಿಗೆ ದೂರವಾಯಿತೆಂದು ಬಹಿರಂಗವಾಗಿಯೇ ಟೀಕಿಸಿದರು. ಕಾಲಾಂತರದಲ್ಲಿ ಇನ್ನೂ ಕೆಲವು ಸತ್ಯಗಳು ಹೊರಬಿದ್ದವು. ಮೊದಲು ಆಲೋಚಿಸಿದ್ದ ಅಣೆಕಟ್ಟುಗಳೆಲ್ಲವೂ ನಿರ್ಮಾಣವಾಗಲಿಲ್ಲ. ನೆರೆಯ ಹಾವಳಿ ತಗ್ಗಿದರೂ ನಿಲ್ಲಲಿಲ್ಲ. ೧೯೭೮ರಲ್ಲಿ ಪಶ್ಚಿಮ ಬಂಗಾಳ ಮತ್ತೆ ಭೀಕರವಾಗಿ ಮುಳುಗಿತು. ಜಲಾಶಯಗಳಡಿಯಲ್ಲಿ ಮನೆಮಠ ಕಳೆದುಕೊಂಡವರಲ್ಲಿ ಸಂತಾಲರೇ ಮೊದಲಾದ ಬುಡಕಟ್ಟಿನವರು ಅನೇಕರು. ಶಕ್ತಿಯ ಲೆಕ್ಕದಲ್ಲಿ ಇವರ ಕಣ್ಣೀರಿಗೆ ಅಂಕಣವಿರಲಿಲ್ಲವೆಂಬುದು ಆ ತಲೆಮಾರಿನ ಯೋಜಕರೆಲ್ಲರ ಕೊರತೆ. ಸಾಹಾ ಅವರೂ ಅದಕ್ಕೆ ಹೊರತಲ್ಲ. ನೆರೆಯಲ್ಲಿ ಮುಳುಗಿದವರಿಗಾಗಿ ಮಿಡಿದ ಹೃದಯ ಅಣೆಕಟ್ಟಿನಲ್ಲಿ ಮುಳುಗುವವರ ಪ್ರಶ್ನೆಯನ್ನೂ ಅಷ್ಟೇ ಬಲವಾಗಿ ಎತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇಂದಿನ ನಮಗೆ ಅನ್ನಿಸದಿರದು.

ಮೂರನೆಯದು ಪರಮಾಣು ಶಕ್ತಿಯ ಅಧ್ಯಾಯ. ಇದು ಅವರ ಬಾಳಿನ ಅತ್ಯಂತ ಕಹಿಯಾದ ಭಾಗ. ೧೯೩೮ರಲ್ಲಿ ಕಲ್ಕತ್ತಕ್ಕೆ ಹಿಂದಿರುಗಿ ಪಾಲಿತ್ ಪ್ರಾಧ್ಯಾಪಕರಾದ ಸಾಹಾ ಅವರು ಪರಮಾಣುಬೀಜ ವಿಜ್ಞಾನದ ಮಹತ್ವವನ್ನು ಈ ದೇಶದಲ್ಲಿ ಎಲ್ಲರಿಗಿಂತ ಮೊದಲು ಅರಿತವರಲ್ಲಿ ಒಬ್ಬರು. ಆ ವಿಷಯವನ್ನು ಎಂ.ಎಸ್‌ಸಿ. ಪಾಠಕ್ರಮಕ್ಕೆ ತಂದರು, ಶಿಷ್ಯ ನಾಗಚೌಧುರಿಯವರನ್ನು ಅಮೆರಿಕದ ಲಾರೆನ್ಸ್ ಅವರ ಪ್ರಯೋಗಶಾಲೆಗೆ ಕಳುಹಿಸಿದರು, ಟಾಟಾ ದತ್ತಿಯ ಸಹಾಯ ಪಡೆದು ಸೈಕ್ಲೊಟ್ರಾನ್ ಯಂತ್ರವನ್ನು ಕಟ್ಟಲು ಹೊರಟರು. ಅದರ ಕಾಂತದ ಭಾಗಗಳು ಬಂದವು. ನಿರ್ವಾತ ಪಂಪುಗಳನ್ನು ಹೊತ್ತ ಹಡಗು ಯುದ್ಧದಲ್ಲಿ ಮುಳುಗಿತು. ಕೆಲಸ ವರ್ಷಗಟ್ಟಲೆ ಹಿಂದೆ ಬಿದ್ದರೂ ಅವರು ಎದೆಗುಂದಲಿಲ್ಲ. ಅವರು ಸ್ಥಾಪಿಸಿದ ಪರಮಾಣುಬೀಜ ವಿಜ್ಞಾನ ಸಂಸ್ಥೆಯನ್ನು ೧೯೫೦ರ ಜನವರಿಯಲ್ಲಿ ಐರೀನ್ ಜೋಲಿಯೊ-ಕ್ಯೂರಿ ಉದ್ಘಾಟಿಸಿದರು.

ಇಷ್ಟರಲ್ಲಿ ಹೋಮಿ ಭಾಭಾ ಅವರು ಮುಂದೆ ಬಂದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿ, ೧೯೪೫ರಲ್ಲಿ ಟಾಟಾ ಸಂಸ್ಥೆಯನ್ನು ಕಟ್ಟಿದ ಭಾಭಾ ಅವರ ಪ್ರತಿಭೆಯೂ ಅಸಾಧಾರಣವಾದುದು. ನೆಹರೂ ಅವರ ಪೂರ್ಣ ವಿಶ್ವಾಸ ಅವರಿಗೆ ಲಭಿಸಿತ್ತು. ೧೯೪೮ರ ಪರಮಾಣು ಶಕ್ತಿ ಕಾಯಿದೆಯಂತೆ ಮೂವರ ಆಯೋಗ ರಚನೆಯಾಯಿತು: ಭಾಭಾ, ಭಟ್ನಾಗರ್, ಕೆ. ಎಸ್. ಕೃಷ್ಣನ್. ಸಾಹಾ ಅವರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಆದರೆ ಅವರ ಆಕ್ಷೇಪಣೆಯನ್ನು ಬರಿಯ ಅಸೂಯೆಯೆಂದು ತಳ್ಳಿಹಾಕುವುದು ಅನ್ಯಾಯ. ವಿಶ್ವವಿದ್ಯಾನಿಲಯಗಳಲ್ಲಿ ಮೊದಲು ತರುಣರನ್ನು ತರಬೇತಿಗೊಳಿಸಬೇಕು, ಕೈಗಾರಿಕೆಯ ತಳಹದಿ ಹಾಕಬೇಕು, ಆಯೋಗ ಆಮೇಲೆ ಬರಲಿ ಎಂಬುದು ಅವರ ನಿಲುವು. ಬೇರುಗಳು ವಿದ್ಯಾಲಯಗಳಲ್ಲಿಲ್ಲದೆ ಮೇಲೊಂದು ಸರಕಾರೀ ಇಲಾಖೆಯನ್ನು ನಿಲ್ಲಿಸಿದರೆ ವಿಜ್ಞಾನ ಜನರಿಂದಲೂ ವಿದ್ಯಾರ್ಥಿಗಳಿಂದಲೂ ದೂರವಾಗುತ್ತದೆಂದು ಅವರು ಹೆದರಿದರು. ಕಾಯಿದೆಯಲ್ಲಿದ್ದ ಗೋಪ್ಯತೆಯ ವಿಧಿಗಳಂತೂ ಅವರಿಗೆ ಕೊಂಚವೂ ಹಿಡಿಸಲಿಲ್ಲ.

ಒಳಗಿನ ಕೊಠಡಿಯಲ್ಲಿ ಸ್ಥಳವಿಲ್ಲದವರು ಏನು ಮಾಡಬೇಕು? ಮುನಿಸಿಕೊಂಡು ಮೌನವಾಗಿರುವುದು ಒಂದು ದಾರಿ. ಗೊಣಗುತ್ತ ಅಧಿಕಾರದ ಕೃಪೆಗಾಗಿ ಕಾಯುವುದು ಇನ್ನೊಂದು. ಸಾಹಾ ಅವರು ಮೂರನೆಯದನ್ನು ಆರಿಸಿಕೊಂಡರು. ೧೯೫೨ರ ಪ್ರಥಮ ಮಹಾಚುನಾವಣೆಯಲ್ಲಿ ವಾಯುವ್ಯ ಕಲ್ಕತ್ತ ಕ್ಷೇತ್ರದಿಂದ ಸ್ವತಂತ್ರ ಅಭ್ಯರ್ಥಿಯಾಗಿ, ಎಡಪಕ್ಷಗಳ ಬೆಂಬಲದಿಂದ ನಿಂತರು. ಚುನಾವಣೆಯ ವೆಚ್ಚಕ್ಕೆ ಹಣವಿಲ್ಲದೆ, ತಾವು ಬರೆದ ಉಷ್ಣಶಾಸ್ತ್ರದ ಪಠ್ಯಪುಸ್ತಕದ ಪ್ರಕಾಶಕರಿಂದ ಮುಂಗಡ ಕೇಳಿದರಂತೆ! ಕಾಂಗ್ರೆಸ್ಸಿನ ಅಲೆ ಪ್ರಬಲವಾಗಿದ್ದ ಆ ಕಾಲದಲ್ಲಿ ಗೆದ್ದು ಲೋಕಸಭೆಯನ್ನು ಪ್ರವೇಶಿಸಿದರು. ಅರವತ್ತರ ಸಮೀಪಕ್ಕೆ ಬಂದಿದ್ದ ವಿಜ್ಞಾನಿ ಹೀಗೆ ಜನರ ಮತ ಕೇಳಿ, ಪ್ರಶ್ನಿಸುವ ಹಕ್ಕನ್ನು ಸಂಪಾದಿಸಿಕೊಂಡುದು ನಮ್ಮ ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಸ್ಮರಣೀಯ.

ಸಭೆಯಲ್ಲಿ ಅವರು ಅಲಂಕಾರಕ್ಕೆ ಕುಳಿತವರಲ್ಲ. ಯೋಜನೆ, ನದಿ, ಕೈಗಾರಿಕೆ, ಶಿಕ್ಷಣ, ಪೂರ್ವಬಂಗಾಳದಿಂದ ಬಂದ ನಿರಾಶ್ರಿತರ ಬವಣೆ ಈ ಎಲ್ಲದರ ಮೇಲೆಯೂ ಮಾತನಾಡಿದರು. ೧೯೫೪ರ ಮೇ ೧೦ರಂದು ಪರಮಾಣು ಶಕ್ತಿಯ ಶಾಂತಿಯುತ ಉಪಯೋಗವನ್ನು ಕುರಿತ ಚರ್ಚೆಯನ್ನು ಲೋಕಸಭೆಯಲ್ಲಿ ಎತ್ತಿದವರು ಅವರೇ. ಕೆಲಸದ ನಿಧಾನಗತಿಯನ್ನೂ ಅದನ್ನು ಮುಚ್ಚಿದ ಗೋಪ್ಯತೆಯ ತೆರೆಯನ್ನೂ ಖಂಡಿಸಿ, ೧೯೪೮ರ ಕಾಯಿದೆಯನ್ನೇ ರದ್ದುಪಡಿಸಬೇಕೆಂದು ವಾದಿಸಿದರು. ಪ್ರಧಾನಮಂತ್ರಿ ನೆಹರೂ ಅವರೇ ಆ ಖಾತೆಯ ಹೊಣೆ ಹೊತ್ತವರು. ಹದಿನಾರು ವರ್ಷಗಳ ಹಿಂದೆ ಯಾರನ್ನು ಯೋಜನಾ ಸಮಿತಿಯ ಪೀಠಕ್ಕೆ ತರಲು ಸಾಹಾ ಅವರು ಊರೂರು ಅಲೆದಿದ್ದರೋ ಅವರೆದುರಿನಲ್ಲಿಯೇ ಈಗ ವಿರೋಧಪಕ್ಷದ ಸಾಲಿನಲ್ಲಿ ನಿಂತು ಲೆಕ್ಕ ಕೇಳಬೇಕಾಯಿತು. ವ್ಯಕ್ತಿಗಳ ಮೇಲಿನ ಅಭಿಮಾನ ಬೇರೆ, ತತ್ತ್ವದ ಮೇಲಿನ ನಿಷ್ಠೆ ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಆ ವಾದದಲ್ಲಿ ಗೆದ್ದವರು ಯಾರು? ಆ ವರ್ಷದ ಆಗಸ್ಟಿನಲ್ಲಿ ಪರಮಾಣು ಶಕ್ತಿಗೆ ಪ್ರತ್ಯೇಕ ಇಲಾಖೆಯೇ ಏರ್ಪಟ್ಟಿತು. ಭಾಭಾ ಅವರೇ ಅದರ ಕಾರ್ಯದರ್ಶಿಗಳಾದರು. ೧೯೫೬ರ ಆಗಸ್ಟ್ ೪ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರ್ ಚಾಲನೆಗೊಂಡಿತು. ೧೯೬೯ರಲ್ಲಿ ತಾರಾಪುರದಿಂದ ವಿದ್ಯುತ್ತು ಹರಿಯಿತು. ಭಾಭಾ ಅವರ ಕಾರ್ಯದಕ್ಷತೆಗೆ ಇವು ಸಾಕ್ಷಿ. ಮೊದಲು ತಳಹದಿ, ಆಮೇಲೆ ಆಯೋಗ ಎಂದು ಕಾಯುತ್ತ ಕುಳಿತಿದ್ದರೆ ಇಷ್ಟು ಬೇಗ ಇವು ಸಾಧ್ಯವಾಗುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಸಾಹಾ ಅವರ ಭಯವೂ ಸುಳ್ಳಾಗಲಿಲ್ಲ. ೧೯೬೨ರ ಹೊಸ ಕಾಯಿದೆ ಗೋಪ್ಯತೆಯನ್ನು ಮತ್ತಷ್ಟು ಬಿಗಿಗೊಳಿಸಿತು. ದೊಡ್ಡ ಸಂಶೋಧನೆ ಸರಕಾರೀ ಸಂಸ್ಥೆಗಳ ಪಾಲಾಗಿ, ವಿಶ್ವವಿದ್ಯಾನಿಲಯಗಳು ಬಡವಾದುವೆಂಬ ಕೊರಗು ದಶಕಗಳ ಕಾಲ ಕೇಳಿಬಂದಿತು. ಒಬ್ಬರು ವೇಗವನ್ನು ಕೊಟ್ಟರು, ಇನ್ನೊಬ್ಬರು ಎಚ್ಚರಿಕೆಯನ್ನು ಕೊಟ್ಟರು. ನಾಡಿಗೆ ಎರಡೂ ಬೇಕಾಗಿದ್ದವು. ಎರಡನ್ನೂ ಒಟ್ಟಿಗೆ ಉಪಯೋಗಿಸಿಕೊಳ್ಳುವ ಜಾಣ್ಮೆ ಮಾತ್ರ ಆಗ ಕೂಡಿಬರಲಿಲ್ಲ.

ಹಾಗೆಂದು ಸರಕಾರ ಸಾಹಾ ಅವರನ್ನು ಸಂಪೂರ್ಣವಾಗಿ ದೂರವಿಟ್ಟಿತ್ತೆಂದು ತಿಳಿಯಬಾರದು. ೧೯೪೮ರಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದಲ್ಲಿ ಅವರು ಸದಸ್ಯರಾಗಿದ್ದರು. ೧೯೫೨ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಗೆ ಅವರೇ ಅಧ್ಯಕ್ಷರು. ದೇಶದ ಬೇರೆ ಬೇರೆ ಕಡೆ ಬಳಕೆಯಲ್ಲಿದ್ದ ಸುಮಾರು ೩೦ ಬಗೆಯ ಪಂಚಾಂಗಗಳನ್ನು ಪರಿಶೀಲಿಸಿ, ಖಗೋಳದ ಶುದ್ಧ ಲೆಕ್ಕಕ್ಕೆ ಹೊಂದುವ ಏಕರೂಪದ ಪಂಚಾಂಗವನ್ನು ಆ ಸಮಿತಿ ಸೂಚಿಸಿತು. ೧೯೫೭ರ ಮಾರ್ಚ್ ೨೨ರಂದು, ಶಕ ೧೮೭೯ರ ಚೈತ್ರದ ಮೊದಲ ದಿನ, ಅದು ರಾಷ್ಟ್ರೀಯ ಪಂಚಾಂಗವಾಗಿ ಜಾರಿಗೆ ಬಂದಿತು. ಸರಕಾರೀ ಗೆಜೆಟ್ಟಿನಲ್ಲಿ ಕಾಣುವ ಶಕವರ್ಷದ ತಾರೀಖು ಆ ಶ್ರಮದ ಫಲ.

ಅದನ್ನು ಕಾಣಲು ಅವರಿರಲಿಲ್ಲ. ೧೯೫೬ರ ಫೆಬ್ರವರಿ ೧೬ರಂದು, ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಯ ಕಡೆಗೆ ಹೋಗುತ್ತಿದ್ದಾಗ ದಾರಿಯಲ್ಲ್ಲಿಯೇ ಕುಸಿದು ಬಿದ್ದರು. ಹೃದಯಾಘಾತದಿಂದ ಅವರ ಪ್ರಾಣ ಹೋಯಿತು. ಆಗ ಅವರಿಗೆ ಅರವತ್ತೆರಡು ವರ್ಷ. ಕಲ್ಕತ್ತದಲ್ಲಿ ಅವರು ಕಟ್ಟಿದ ಸಂಸ್ಥೆ ಅವರ ಹೆಸರನ್ನೇ ಧರಿಸಿ ಇಂದಿಗೂ ನಡೆಯುತ್ತಿದೆ.

ಸಾಹಾ ಅವರಿಗೆ ಕೋಪ ಬೇಗ ಬರುತ್ತಿತ್ತು. ಮಾತು ಕೆಲವೊಮ್ಮೆ ಒರಟಾಗುತ್ತಿತ್ತು. ರಷ್ಯಾ ದೇಶದ ಯೋಜನೆಗಳನ್ನು ಮೆಚ್ಚುವ ಭರದಲ್ಲಿ ಅಲ್ಲಿನ ಜನ ತೆತ್ತ ಬೆಲೆಯನ್ನು ಅವರು ಸಾಕಷ್ಟು ಗಮನಿಸಲಿಲ್ಲ. ಆದರೆ ಒಂದು ಗುಣದಲ್ಲಿ ಅವರಿಗೆ ಸಮನಾದವರು ವಿರಳ. ತಾವು ತಿಳಿದುದನ್ನು ಮಂತ್ರಿಗಳ ಕಿವಿಯಲ್ಲಿ ಉಸುರಿ ಸುಮ್ಮನಾಗದೆ, ಪತ್ರಿಕೆಯಲ್ಲಿ ಬರೆದು, ಸಭೆಯಲ್ಲಿ ಹೇಳಿ, ಯಾರು ಬೇಕಾದರೂ ಪರೀಕ್ಷಿಸುವಂತೆ ಬಯಲಿನಲ್ಲಿಟ್ಟರು. ಪ್ರಯೋಗಶಾಲೆಯಲ್ಲಿ ಒಬ್ಬನ ಲೆಕ್ಕವನ್ನು ಇನ್ನೊಬ್ಬ ಸರಿನೋಡುವುದು ವಿಜ್ಞಾನದ ನಿಯಮ. ರಾಜ್ಯಕಾರ್ಯದಲ್ಲಿಯೂ ಅದೇ ನಿಯಮ ನಡೆಯಬೇಕೆಂದು ಅವರು ಹಟ ಹಿಡಿದರು.

ಇಂದು ನಮ್ಮ ಹಳ್ಳಿಗಳಲ್ಲಿಯೂ ವಿದ್ಯುದ್ದೀಪಗಳು ಬೆಳಗುತ್ತಿವೆ. ಇದ್ದಲಿನ ಹೊಗೆ, ಸೂರ್ಯನ ಬಿಸಿಲು, ಗಾಳಿಯ ಬೀಸು, ಪರಮಾಣುವಿನ ಕಾವು ಇವುಗಳಲ್ಲಿ ಯಾವುದನ್ನು ಎಷ್ಟು ನಂಬಬೇಕೆಂಬ ಚರ್ಚೆ ಮತ್ತೆ ಹೊಸದಾಗಿ ನಡೆಯುತ್ತಿದೆ. ಅದನ್ನು ಪರಿಣತರಿಗೆ ಬಿಟ್ಟು ನಾವು ಕೈಕಟ್ಟಿ ಕುಳಿತರೆ ಸಾಲದು. ವಿಜ್ಞಾನದ ವಿದ್ಯಾರ್ಥಿ ಸ್ವಲ್ಪ ಅರ್ಥಶಾಸ್ತ್ರವನ್ನೂ, ಕಲಾವಿಭಾಗದ ವಿದ್ಯಾರ್ಥಿ ಸ್ವಲ್ಪ ವಿಜ್ಞಾನವನ್ನೂ ತಿಳಿದುಕೊಂಡು ಆ ಚರ್ಚೆಯಲ್ಲಿ ದನಿಗೂಡಿಸಬೇಕು. ದಿನಸಿ ಅಂಗಡಿಯವರ ಮಗನೊಬ್ಬ, ಪರರ ಮನೆಯ ಅನ್ನ ಉಂಡು ಓದಿ, ನಕ್ಷತ್ರಗಳ ಲೆಕ್ಕವನ್ನೂ ನಾಡಿನ ಲೆಕ್ಕವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿ ತೋರಿಸಿದ್ದಾರೆ. ಸರಕಾರೀ ಕಾಲೇಜುಗಳಲ್ಲಿ ಓದುವ ನಮಗೆ ಅಂತಹವರ ಚರಿತ್ರೆ ದಾರಿದೀಪವಾಗಲಿ.